ಇನ್ನಾಸಪ್ಪ ಫಾದರ್ ತಿಂಡಿ ತಿಂದಿರಲಿಲ್ಲ

ಮುಚ್ಚಳ ತೆಗೆದು ನೋಡಿದರೆ ಮೂರು ಇಡ್ಲಿಯೂ ಇಟ್ಟ ಹಾಗೇ ಇದ್ದವು. ಚಟ್ನಿಯ ಮೇಲಿನ ಒಗ್ಗರಣೆ ಕೂಡ ಕದಡಿರಲಿಲ್ಲ. ಪದ್ಮಮ್ಮನ ಕಣ್ಣು ತಟ್ಟೆಯಿಂದ ಕಿಟಕಿಯ ಕಟ್ಟೆಗೆ ಹೋಯಿತು. ಅಲ್ಲಿ ಒಂದು ಚೂರು ಹತ್ತಿ, ಹತ್ತಿಯ ಮೇಲೆ ಸಾಸಿವೆ ಕಾಳಿನಷ್ಟು ರಕ್ತ, ಪಕ್ಕದಲ್ಲಿ ಬಳಸಿ ಇಟ್ಟ ಸಿರಿಂಜು.

ಸೂಜಿ ಆಗಿದೆ. ತಿಂಡಿ ಆಗಿಲ್ಲ.

ಗಂಟೆ ಒಂಬತ್ತೂಕಾಲು. ಇನ್ನು ಹದಿನೈದು ನಿಮಿಷಕ್ಕೆ ಪೂಜೆ ಶುರು. ಚರ್ಚಿನ ಅಂಗಳದ ತುಂಬ ಜನ. ಹಳೇನಗರ, ನ್ಯೂಟೌನ್, ಪೇಪರ್‌ಟೌನ್, ಹೀಗೆ ಭದ್ರಾವತಿಯ ಎಲ್ಲ ಕಡೆಯಿಂದ ಬಂದಿದ್ದರು. ಇನ್ನಾಸಪ್ಪ ಫಾದರ್ ಎಪ್ಪತ್ತೈದು ತುಂಬಿ ಇವತ್ತು ಧರ್ಮಕೇಂದ್ರದ ಕೆಲಸದಿಂದ ನಿವೃತ್ತರಾಗುತ್ತಿದ್ದರು. ಮೊದಲು ಬಲಿಪೂಜೆ, ಆಮೇಲೆ ಶಾಮಿಯಾನದ ಕೆಳಗೆ ಸನ್ಮಾನ, ಆಮೇಲೆ ಊಟ. ನಾಳೆ ಅವರು ಶಿವಮೊಗ್ಗದಲ್ಲಿರುವ ನಿವೃತ್ತ ಗುರುಗಳ ಮನೆಗೆ ಹೊರಡುವುದಿತ್ತು.

ಪದ್ಮಮ್ಮ ಫಾದರ್ ಮನೆಯ ಅಡುಗೆಗೆ ಸೇರಿ ಹನ್ನೊಂದು ವರ್ಷವಾಗಿತ್ತು. ಪೇಪರ್ ಕಾರ್ಖಾನೆಯಲ್ಲಿ ಕಾಂಟ್ರ್ಯಾಕ್ಟ್ ಕೆಲಸಕ್ಕಿದ್ದ ಗಂಡ ತೀರಿಕೊಂಡ ಮೇಲೆ ಸೇರಿದವಳು. ಕ್ರೈಸ್ತಳಲ್ಲ. ಬೆಳಿಗ್ಗೆ ಹಣೆಗೆ ವಿಭೂತಿ ಇಟ್ಟುಕೊಂಡೇ ಬಂದು ಒಲೆ ಹಚ್ಚುತ್ತಿದ್ದಳು; ಅದನ್ನು ಯಾರೂ ಯಾವತ್ತೂ ಆಡಿಕೊಂಡಿರಲಿಲ್ಲ. ಇಷ್ಟು ವರ್ಷದಲ್ಲಿ ಮೂವರು ಫಾದರ್‌ಗಳಿಗೆ ಬಡಿಸಿದ್ದಳು. ಇನ್ನಾಸಪ್ಪನವರು ಮೂರನೆಯವರು. ಬಂದು ಏಳು ವರ್ಷ.

ಅವರಿಗೆ ಇನ್ಸುಲಿನ್ ಶುರುವಾಗಿದ್ದು ಆರು ತಿಂಗಳ ಹಿಂದೆ. ಭದ್ರಾವತಿಯ ಯಾವ ಡಾಕ್ಟರ ಹತ್ತಿರ ಹೋದರೂ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆಂದು ಅವರು ಬಸ್ಸು ಹತ್ತಿ ಶಿವಮೊಗ್ಗದ ದುರ್ಗಿಗುಡಿಗೆ ಹೋಗುತ್ತಿದ್ದರು. ಅಲ್ಲಿಯ ಡಾಕ್ಟರು ಪ್ರಸನ್ನಕುಮಾರ್, ‘ಅಡುಗೆ ಮಾಡೋರನ್ನ ಒಂದ್ಸಲ ಕರ್ಕೊಂಡು ಬನ್ನಿ’ ಅಂದಿದ್ದರಿಂದ ಪದ್ಮಮ್ಮನೂ ಹೋಗಿದ್ದಳು.

“ನೋಡಮ್ಮ,” ಅಂದಿದ್ದರು ಡಾಕ್ಟರು ಅವಳನ್ನೇ ನೋಡಿ, “ಈ ಔಷಧಿ ಶುಗರ್ ಇಳಿಸುತ್ತೆ. ಹೊಟ್ಟೆಗೆ ಏನೂ ಬೀಳದೆ ಹೋದ್ರೆ ಇಳಿಸ್ತಾನೇ ಹೋಗುತ್ತೆ. ಮೊದಲು ಬೆವರು, ಆಮೇಲೆ ಕೈ ನಡುಕ, ಆಮೇಲೆ ಮಾತು ಅಡ್ಡಾದಿಡ್ಡಿ. ಅಷ್ಟರೊಳಗೆ ಬಾಯಿಗೆ ಸಕ್ಕರೆ ಬೀಳ್ಬೇಕು. ತಡವಾಯ್ತೋ, ಪ್ರಾಣಕ್ಕೇ ಬರುತ್ತೆ.”

ವಾಪಸು ಬರುವಾಗ ಬಸ್ಸಿನಲ್ಲಿ ಫಾದರ್ ತಗ್ಗಿದ ದನಿಯಲ್ಲಿ ಹೇಳಿದ್ದರು: “ಪದ್ಮಮ್ಮ, ಇದು ನಮ್ಮಿಬ್ಬರಲ್ಲೇ ಇರಲಿ. ಗೊತ್ತಾದ್ರೆ ಬಿಷಪ್ಪರು ನಾಳೇನೇ ಇಲ್ಲಿಂದ ಕರೆಸ್ಕೋತಾರೆ. ಇನ್ನೊಂದು ಈಸ್ಟರ್ ಇಲ್ಲಿ ಮಾಡಿ ಹೋಗ್ತೀನಿ.”

“ಆಯ್ತು ಫಾದರ್,” ಅಂದಿದ್ದಳು.

ಈಸ್ಟರ್ ಮುಗಿದು ಮೇ ತಿಂಗಳೂ ಕೊನೆಗೆ ಬಂದಿತ್ತು. ಫಾದರ್ ಯಾರಿಗೂ ಹೇಳಲಿಲ್ಲ. ಅವಳೂ ಹೇಳಲಿಲ್ಲ. ಡಾಕ್ಟರು ಹೇಳಿದ್ದನ್ನು ಅವಳು ಒಮ್ಮೆ ಕಣ್ಣಾರೆ ಕಂಡಿದ್ದಳು. ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲದಲ್ಲಿ ಒಂದು ಬೆಳಿಗ್ಗೆ ಅರ್ಧ ತಿಂಡಿಗೇ ಎದ್ದು ಹೋದವರು, ಹನ್ನೊಂದು ಗಂಟೆಗೆ ಜಗಲಿಯ ಮೇಲೆ ಕೂತು ತೀರಿಹೋದ ಅಕ್ಕ ಲೂರ್ದಮ್ಮನನ್ನು ಕೂಗುತ್ತಿದ್ದರು. ಪದ್ಮಮ್ಮ ಹತ್ತಿರ ಹೋದರೆ, “ನೀನು ಯಾರು? ಹೊರಗೆ ನಡಿ,” ಎಂದು ಗದರಿದ್ದರು. ಎರಡು ಲೋಟ ಸಕ್ಕರೆ ನೀರು ಕುಡಿಸಿದ ಮೇಲೆ, ಏನೂ ಆಗದವರಂತೆ ಪೇಪರ್ ಕೇಳಿದ್ದರು. ಅವತ್ತಿನಿಂದ ಪದ್ಮಮ್ಮ ಅವರ ಎದುರಿಗೆ ನಿಂತು ತಿಂಡಿ ತಿನ್ನಿಸುತ್ತಿದ್ದಳು.

ಇವತ್ತು ಮಾತ್ರ ನಿಲ್ಲಲಾಗಲಿಲ್ಲ. ಎಂಟಕ್ಕೆ ಹತ್ತು ನಿಮಿಷವಿರುವಾಗ ಸನ್ಮಾನದ ಊಟಕ್ಕೆಂದು ಬಂದಿದ್ದ ಅಡುಗೆಯವರು ಉಗ್ರಾಣದ ಬೀಗದ ಕೈಗೆ ಕೂಗಿದ್ದರು. “ಇಡ್ಲಿ ಮುಚ್ಚಿಟ್ಟಿದ್ದೀನಿ ಫಾದರ್. ಸೂಜಿ ತಗೊಂಡ ಕೂಡಲೇ ತಿನ್ನಿ,” ಅಂದಿದ್ದಳು. “ತಿಂತೀನಿ ಹೋಗು ಮಾರಾಯ್ತಿ,” ಅಂದಿದ್ದರು. ಹೋದವಳಿಗೆ ಅಕ್ಕಿ ತೆಗೆದುಕೊಡುವುದು, ಬಾಳೆಲೆ ಎಣಿಸುವುದು ಅಂತ ಒಂದರ ಹಿಂದೆ ಒಂದು.

ಹಜಾರದಲ್ಲಿ ಕುಡಿದಿಟ್ಟ ಹತ್ತು ಹನ್ನೆರಡು ಕಾಫಿ ಲೋಟಗಳನ್ನು ನೋಡಿದಾಗ ಏನಾಗಿರಬಹುದೆಂದು ಅವಳಿಗೆ ಅಂದಾಜಾಯಿತು. ಶಿವಮೊಗ್ಗದ ಅತಿಥಿಗಳು ಬೇಗ ಬಂದಿದ್ದಾರೆ. ಮಾತಿಗೆ ಕೂತಿದ್ದಾರೆ. ಅಷ್ಟರಲ್ಲಿ ಎಂಟೂವರೆ ದಾಟಿದೆ. ಪೂಜೆಗೆ ಮುಂಚೆ ಒಂದು ಗಂಟೆ ಏನೂ ತಿನ್ನಬಾರದೆಂಬುದು ಅವರ ನಿಯಮ. ಕಾಯಿಲೆಯವರಿಗೆ ಅದರಲ್ಲಿ ವಿನಾಯಿತಿ ಇದೆಯೆಂದು ಅವರೇ ಹೇಳಿದ್ದರು. ಆದರೆ ಕಾಯಿಲೆಯೇ ಇಲ್ಲ ಅನ್ನುವ ಹಾಗೆ ಓಡಾಡುವವರು ಅಷ್ಟು ಜನರೆದುರು ವಿನಾಯಿತಿ ತಗೊಳ್ಳುವುದು ಹೇಗೆ?

ಪದ್ಮಮ್ಮ ಸ್ಟೀಲ್ ಲೋಟಕ್ಕೆ ನಾಲ್ಕು ಚಮಚ ಸಕ್ಕರೆ ಹಾಕಿ, ನೀರು ಬಿಟ್ಟು, ಕಲಕುತ್ತಲೇ ಓಡಿದಳು.

ಚರ್ಚಿನ ಪಕ್ಕದ ಬಾಗಿಲಲ್ಲಿ ಜಯಶೀಲಾ ಟೀಚರ್ ನಿಂತಿದ್ದರು. ಪಾಲನಾ ಸಮಿತಿಯ ಕಾರ್ಯದರ್ಶಿ. ಇಡೀ ಕಾರ್ಯಕ್ರಮ ಅವರ ಕೈಯಲ್ಲಿದ್ದ ಹಾಳೆಯ ಪ್ರಕಾರ ನಡೆಯಬೇಕಿತ್ತು. ಹಿಂದೆ ಕೋಣೆಯಲ್ಲಿ ಫಾದರ್‌ಗಳೆಲ್ಲ ಪೂಜೆಯ ಉಡುಪು ಹಾಕಿಕೊಳ್ಳುತ್ತಿದ್ದರು.

“ಟೀಚರ್, ಒಂದ್ನಿಮಿಷ. ಫಾದರ್ ತಿಂಡಿ ತಿಂದಿಲ್ಲ.”

“ಇವತ್ತು ಯಾರು ತಿಂದಿದ್ದಾರೆ ಪದ್ಮಮ್ಮ? ನಾನೂ ತಿಂದಿಲ್ಲ.”

“ಹಂಗಲ್ಲ ಟೀಚರ್. ಇದನ್ನ ಒಂದು ಗುಟುಕು…”

“ಪೂಜೆಗೆ ಮುಂಚೆ ಅವರು ಕುಡಿಯಲ್ಲ, ನಿಮಗೆ ಗೊತ್ತಿಲ್ವಾ? ಈಗ ಗಂಟೆ ಹೊಡೀತಾರೆ. ದಾರಿ ಬಿಡಿ.”

ಗಂಟೆ ಹೊಡೆದೇಬಿಟ್ಟಿತು. ಹದಿನಾಲ್ಕು ಜನ ಗುರುಗಳು ಸಾಲಾಗಿ ಹೊರಟರು, ಕೊನೆಯಲ್ಲಿ ಇನ್ನಾಸಪ್ಪನವರು. ಪದ್ಮಮ್ಮನ ಕೈಯಲ್ಲಿದ್ದ ಲೋಟ ನೋಡಿ ಅವರಿಗೆ ಎಲ್ಲ ಅರ್ಥವಾಯಿತು. ಕಣ್ಣಲ್ಲೇ ‘ಆಮೇಲೆ’ ಎಂದು ಹೇಳಿ ನಡೆದರು.

ಹೇಳಿಬಿಡಬಹುದಿತ್ತು. ‘ಫಾದರ್ ಇನ್ಸುಲಿನ್ ತಗೊಂಡಿದ್ದಾರೆ’, ಇಷ್ಟೇ ಮಾತು. ಆದರೆ ಆರು ತಿಂಗಳು ಕಾಪಾಡಿದ್ದನ್ನು ಅವರ ಕೊನೆಯ ದಿನ, ಅವರನ್ನು ಹೊಗಳುವುದಕ್ಕೆ ಊರೇ ಸೇರಿರುವಾಗ, ತಾನೇ ಬಾಯಿಬಿಡುವುದೇ? ಇನ್ನೊಂದು ಗಂಟೆ ತಾನೆ. ಪೂಜೆ ಮುಗಿದ ಕೂಡಲೇ ಕುಡಿಸಿದರಾಯಿತು ಎಂದು ಲೋಟಕ್ಕೆ ಸೆರಗು ಮುಚ್ಚಿ, ಕಿಟಕಿಯ ಹೊರಗೆ ನಿಂತಳು.

ಪೂಜೆ ಒಂದು ಗಂಟೆಗೆ ಮುಗಿಯಲಿಲ್ಲ. ಅತಿಥಿಯಾಗಿ ಬಂದಿದ್ದ ಹಿರಿಯ ಗುರುಗಳ ಉಪದೇಶವೇ ಅರ್ಧ ಗಂಟೆ. ಇನ್ನಾಸಪ್ಪನವರು ಕೂತು ಕೇಳುತ್ತಿದ್ದರು. ಹಣೆ ಒಣಗಿದೆಯಾ? ಅಷ್ಟು ದೂರದಿಂದ ಕಾಣುತ್ತಿರಲಿಲ್ಲ. ಅವರು ಎದ್ದು ಪಾತ್ರೆ ಎತ್ತಿ ಹಿಡಿದಾಗ ಪದ್ಮಮ್ಮ ಕಿಟಕಿಯ ಸರಳಿಗೆ ಮುಖ ಒತ್ತಿ ನೋಡಿದಳು. ಕೈ ನಡುಗಿತಾ, ಇಲ್ಲವಾ? ಮುಪ್ಪಿನ ಕೈ, ಸುಮ್ಮನೆಯೂ ನಡುಗುತ್ತದೆ. ಅವರು ಪ್ರಸಾದದ ತೆಳ್ಳನೆ ರೊಟ್ಟಿ ಬಾಯಿಗಿಟ್ಟು ದ್ರಾಕ್ಷಾರಸ ಕುಡಿದಾಗ, ಅದರಲ್ಲಿ ಎಷ್ಟು ಸಕ್ಕರೆ ಇರಬಹುದೆಂದು ಲೆಕ್ಕ ಹಾಕಿದಳು. ಹಾಗೆ ಯೋಚಿಸಿದ್ದು ತಪ್ಪೇನೋ ಅನ್ನಿಸಿ ಮನಸ್ಸಿನಲ್ಲೇ ಕೈಮುಗಿದಳು.

ಪೂಜೆ ಮುಗಿದದ್ದು ಹನ್ನೊಂದೂಕಾಲಿಗೆ. ಉಡುಪು ಬದಲಿಸುವ ಕೋಣೆಯ ಹತ್ತಿರ ಅವಳು ಕಾದಿದ್ದಳು. ಆದರೆ ಮೆರವಣಿಗೆ ಮುಂಬಾಗಿಲಿನಿಂದಲೇ ಹೊರಟಿತು. ಬ್ಯಾಂಡ್ ಸೆಟ್ಟು ಶುರುವಾಯಿತು. ಹಾರದ ಮೇಲೆ ಹಾರ. ಕೈ ಕುಲುಕುವವರು, ಸೆಲ್ಫಿ ತಗೊಳ್ಳುವವರು, ತಲೆಯ ಮೇಲೆ ಕೈ ಇಡಿಸುವುದಕ್ಕೆ ಮಗುವನ್ನು ಎತ್ತಿಹಿಡಿದವರು. ಪದ್ಮಮ್ಮ ಲೋಟ ಮೇಲೆ ಹಿಡಿದು ನುಗ್ಗಲು ನೋಡಿದಳು. ಯಾರದೋ ಮೊಣಕೈ ತಾಗಿ ಅರ್ಧ ನೀರು ಚೆಲ್ಲಿತು. ತಲೆ ಎತ್ತುವಷ್ಟರಲ್ಲಿ ಫಾದರ್ ವೇದಿಕೆಯ ಮೇಲಿದ್ದರು.

ಅವಳು ಮತ್ತೆ ಅಡುಗೆ ಮನೆಗೆ ಓಡಿ ಲೋಟಕ್ಕೆ ಇನ್ನಷ್ಟು ಸಕ್ಕರೆ ಸುರಿದುಕೊಂಡು ಬಂದಳು. ಕಲಕುವುದಕ್ಕೂ ನಿಲ್ಲಲಿಲ್ಲ.

ಶಾಮಿಯಾನದ ಕೆಳಗೆ ಧಗೆ. ಎಲ್ಲರೂ ಬೆವರುತ್ತಿದ್ದರು, ಹಾಗಾಗಿ ಫಾದರ್ ಬೆವರಿದ್ದು ಯಾರಿಗೂ ವಿಶೇಷವಾಗಿ ಕಾಣಲಿಲ್ಲ. ಅವರ ಬಿಳಿ ನಿಲುವಂಗಿಯ ಕುತ್ತಿಗೆ ಪಟ್ಟಿ ನೆಂದು ಅಂಟಿಕೊಂಡಿತ್ತು. ತಲೆಯ ಮೇಲೆ ಮೈಸೂರು ಪೇಟ, ಹೆಗಲ ಮೇಲೆ ಒಂದರ ಮೇಲೊಂದು ಮೂರು ಶಾಲು, ತೊಡೆಯ ಮೇಲೆ ಹಣ್ಣಿನ ಬುಟ್ಟಿ. ಸೇಬು, ದ್ರಾಕ್ಷಿ, ಕಿತ್ತಳೆ ಎಲ್ಲವನ್ನೂ ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಿ ರಿಬ್ಬನ್ ಕಟ್ಟಿದ್ದರು. ಅವರು ಆ ಹಾಳೆಯನ್ನು ಬೆರಳಿನಿಂದ ಕೆರೆಯುತ್ತಿದ್ದರು.

ಮೈಕಿನ ಮುಂದೆ ಜಂಬಣ್ಣ ಮಾತಾಡುತ್ತಿದ್ದ. ಕಾರ್ಖಾನೆಯಿಂದ ನಿವೃತ್ತನಾದವನು, ಫಾದರ್ ಜೊತೆ ದಿನಾ ಸಂಜೆ ವಾಕಿಂಗ್ ಹೋಗುವ ಗೆಳೆಯ. ಮಾತಿಗೆ ನಿಂತರೆ ಬೇಗ ಇಳಿಯುವವನಲ್ಲ. ಪದ್ಮಮ್ಮ ವೇದಿಕೆಯ ಪಕ್ಕದಲ್ಲಿದ್ದ ಜಯಶೀಲಾ ಟೀಚರ ತೋಳು ಹಿಡಿದಳು.

“ಟೀಚರ್, ಕೈ ಮುಗೀತೀನಿ. ಫಾದರ್‌ಗೆ ಇದನ್ನ ಕೊಟ್ಟು ಬನ್ನಿ. ಅವರಿಗೆ ಆಗ್ತಿಲ್ಲ.”

“ಏನು ಆಗ್ತಿಲ್ಲ? ನೋಡಿ, ನಗ್ತಾ ಇದ್ದಾರಲ್ಲ.”

ನಿಜ, ಫಾದರ್ ನಗುತ್ತಿದ್ದರು. ಜಂಬಣ್ಣ ಕಾರ್ಖಾನೆ ಮುಚ್ಚಿದ ದಿನಗಳ ಸಂಕಟ ಹೇಳುತ್ತಿದ್ದ, ಮುಂದಿನ ಸಾಲಿನ ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು, ಫಾದರ್ ನಗುತ್ತಿದ್ದರು. ನೋಡನೋಡುತ್ತ ಆ ನಗು ಅಳುವಾಯಿತು. ಜನರಲ್ಲಿ ಒಂದು ನಿಟ್ಟುಸಿರು ಹರಿಯಿತು. “ಪಾಪ, ಬಿಟ್ಟು ಹೋಗೋಕೆ ಸಂಕಟ,” ಎಂದು ಯಾರೋ ಅಂದರು. ಮೊಬೈಲುಗಳು ಮೇಲೆದ್ದವು.

“ಫಾದರ್ ಎರಡು ಮಾತಾಡಿದ್ರೆ ಮುಗೀತು, ಊಟಕ್ಕೆ ಕೂರಿಸ್ತೀವಿ,” ಎಂದು ಟೀಚರ್ ತೋಳು ಬಿಡಿಸಿಕೊಂಡು ಮೈಕಿನ ಕಡೆ ಹೋದರು. “ಈಗ ನಮ್ಮೆಲ್ಲರ ಪ್ರೀತಿಯ ಗುರುಗಳು…”

ಚಪ್ಪಾಳೆ ನಿಂತ ಮೇಲೆ ಫಾದರ್ ಮೈಕಿನ ಕಂಬ ಹಿಡಿದು ನಿಂತರು. ಮುಂದಿನ ಸಾಲುಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ, “ಯಾರು ನೀವೆಲ್ಲ?” ಅಂದರು.

ಜನ ನಕ್ಕರು. ಫಾದರ್ ತಮಾಷೆಗೆ ಹೆಸರಾದವರು.

“ಯಾಕೆ ಬಂದಿದ್ದೀರ? ಮನೆಗೆ ಹೋಗಿ. ಬಾಗಿಲು ಹಾಕ್ಬೇಕು. ಲೂರ್ದಮ್ಮ ಬಂದಿಲ್ಲ ಇನ್ನೂ.”

ಈ ಸಲ ಅರ್ಧ ಜನ ಮಾತ್ರ ನಕ್ಕರು.

ಪದ್ಮಮ್ಮ ಮುಂದೆ ಯೋಚಿಸಲಿಲ್ಲ. ಮೆಟ್ಟಿಲ ಹತ್ತಿರ ಬ್ಯಾಡ್ಜ್ ಹಾಕಿಕೊಂಡವರೊಬ್ಬರು, “ಅಮ್ಮ, ಈಗಲ್ಲ,” ಎಂದು ಕೈ ಅಡ್ಡ ಹಿಡಿದರು. ಅವಳು ಹಿಂದಕ್ಕೆ ಸುತ್ತಿ, ಹಾಡುವವರ ಕುರ್ಚಿಗಳ ಸಂದಿಯಲ್ಲಿ ನುಸುಳಿ, ವೇದಿಕೆಯ ಹಲಗೆಗೆ ಮಂಡಿ ಊರಿ ಹತ್ತಿದಳು. ಹಾಗೇ ಹೋಗಿ ಫಾದರ್ ಬಾಯಿಗೆ ಲೋಟ ಹಿಡಿದಳು.

“ಕುಡೀರಿ ಫಾದರ್.”

“ನೀನು ಯಾರು? ಮುಟ್ಟಬೇಡ ನನ್ನ!” ಅವರು ಕೈ ಬೀಸಿದರು. ನೀರು ಅವಳ ಮುಖಕ್ಕೂ ಎದೆಗೂ ಚೆಲ್ಲಿತು. ಶಾಮಿಯಾನದ ತುಂಬ ‘ಅಯ್ಯೋ’ ಎಂಬ ಸದ್ದು. ಅತಿಥಿಗಳು ಎದ್ದು ನಿಂತರು. ಜಯಶೀಲಾ ಟೀಚರ್ ಹಿಂದಿನಿಂದ ಅವಳ ಭುಜ ಹಿಡಿದೆಳೆದರು.

“ಏನು ಮಾಡ್ತಿದ್ದೀರ ಪದ್ಮಮ್ಮ!”

“ಫಾದರ್‌ಗೆ ಶುಗರ್ ಇಳಿದಿದೆ!” ಪದ್ಮಮ್ಮ ಕಿರುಚಿದಳು. ಮೈಕು ಅಲ್ಲೇ ಇತ್ತು. ಅವಳ ದನಿ ನಾಲ್ಕೂ ಸ್ಪೀಕರಿನಲ್ಲಿ ಹೊರಬಿತ್ತು. “ಇನ್ಸುಲಿನ್ ಸೂಜಿ ಚುಚ್ಕೊಂಡಿದ್ದಾರೆ, ಬೆಳಿಗ್ಗೆಯಿಂದ ಏನೂ ತಿಂದಿಲ್ಲ! ಬಿಡಿ ನನ್ನ!”

ಟೀಚರ ಕೈ ಸಡಿಲವಾಯಿತು. ಲೋಟದ ತಳದಲ್ಲಿ ಕರಗದೆ ಉಳಿದ ಸಕ್ಕರೆ ಒದ್ದೆಯಾಗಿ ಅಂಟಿಕೊಂಡಿತ್ತು. ಪದ್ಮಮ್ಮ ಅದನ್ನು ಬೆರಳಿನಲ್ಲಿ ಬಳಿದು, ಮಗುವಿಗೆ ಜೇನು ನೆಕ್ಕಿಸುವ ಹಾಗೆ ಫಾದರ್ ಕೆನ್ನೆಯ ಒಳಗೆ ಸವರಿದಳು. ಅವರು ಮುಖ ತಿರುಗಿಸಿದರು. ಮತ್ತೆ ಸವರಿದಳು. ಅಷ್ಟರಲ್ಲಿ ಅವರ ಮಂಡಿ ಕುಸಿಯಿತು. ಜಂಬಣ್ಣ ಕುರ್ಚಿ ಎಳೆದು ಕೂರಿಸಿ, ಪೇಟ ತೆಗೆದು, ಶಾಲುಗಳನ್ನು ಕಿತ್ತು ಬಿಸುಟ.

ಜನರ ಮಧ್ಯದಿಂದ ಆಸ್ಪತ್ರೆಯ ನರ್ಸ್ ವಾಣಿ ಓಡಿಬಂದಳು. ಫಾದರ್ ಕಣ್ಣು ನೋಡಿ, ನಾಡಿ ಹಿಡಿದು, “ಎಚ್ಚರ ಇದೆ, ನುಂಗ್ತಾ ಇದ್ದಾರೆ. ಇನ್ನೊಂದು ಲೋಟ ಸಕ್ಕರೆ ನೀರು ತನ್ನಿ, ಬೇಗ!” ಅಂದಳು. ಟೀಚರೇ ಓಡಿದರು. ಚಪ್ಪಲಿ ಬಿಟ್ಟು, ಕೈಯಲ್ಲಿದ್ದ ಹಾಳೆ ಅಲ್ಲೇ ಬಿಟ್ಟು, ಸೀರೆ ಎತ್ತಿ ಹಿಡಿದು ಓಡಿದರು.

ಎಂಟು ನೂರು ಜನ ವೇದಿಕೆಯನ್ನೇ ನೋಡುತ್ತಿದ್ದರು. ಹಿಂದೆ ಯಾರೋ ಜಪಸರದ ಪ್ರಾರ್ಥನೆ ಶುರುಮಾಡಿದರು. ಒಂದೊಂದು ಗುಟುಕು ಇಳಿಯುವುದನ್ನೂ ಪದ್ಮಮ್ಮ ಅವರ ಗಂಟಲಲ್ಲಿ ನೋಡುತ್ತಿದ್ದಳು. ಹತ್ತು ನಿಮಿಷವೋ ಹದಿನೈದು ನಿಮಿಷವೋ. ಅವರ ಕಣ್ಣು ಎಲ್ಲೋ ಇದ್ದದ್ದು ನಿಧಾನವಾಗಿ ಹತ್ತಿರ ಬಂತು. ಅವಳ ಒದ್ದೆ ಸೀರೆ ನೋಡಿದರು, ಅವಳ ಮುಖ ನೋಡಿದರು.

“ಪದ್ಮಮ್ಮ,” ಅಂದರು. “ನಾನು ಏನಾದ್ರೂ ಅಂದೆನಾ?”

“ಇಲ್ಲ ಫಾದರ್.” ಅವಳಿಗೆ ಆಗ ಅಳು ಬಂತು.

ವೇದಿಕೆಯ ಹಿಂದೆ ಜಯಶೀಲಾ ಟೀಚರ್ ಅವಳನ್ನು ಹಿಡಿದು ನಿಲ್ಲಿಸಿದರು. “ನನಗೊಂದು ಮಾತು ಹೇಳಬಾರದಿತ್ತಾ?”

“ಎರಡು ಸಲ ಹೇಳ್ದೆ ಟೀಚರ್. ತಿಂಡಿ ತಿಂದಿಲ್ಲ ಅಂತ.”

“ಅದು ಹೇಳಿದ್ದಲ್ಲ ಪದ್ಮಮ್ಮ. ಸೂಜಿ ವಿಷಯ ಹೇಳಿದ್ರೆ ನಾನು ಪೂಜೇನೇ ನಿಲ್ಲಿಸ್ತಿದ್ದೆ.”

ಟೀಚರ್ ಹೇಳಿದ್ದು ಸರಿಯಿತ್ತು. ಮಾತು ಉಳಿಸಿಕೊಳ್ಳಲು ಹೋಗಿ ಮನುಷ್ಯನನ್ನೇ ಕಳೆದುಕೊಳ್ಳುತ್ತಿದ್ದೆ ಎಂಬುದು ಪದ್ಮಮ್ಮನಿಗೆ ಆಗ ಹೊಳೆಯಿತು.

ಊಟಕ್ಕೆ ಮುಂಚೆ ಫಾದರ್ ಕೂತಲ್ಲಿಂದಲೇ ಮೈಕು ಕೇಳಿದರು. ಬರೆದಿಟ್ಟುಕೊಂಡಿದ್ದ ಭಾಷಣ ಜೇಬಿನಿಂದ ತೆಗೆಯಲಿಲ್ಲ.

“ಆರು ತಿಂಗಳಿಂದ ಇನ್ಸುಲಿನ್ ತಗೋತಿದ್ದೀನಿ. ನಿಮ್ಮಿಂದ ಮುಚ್ಚಿಟ್ಟೆ. ಕರೆಸ್ಕೋತಾರೆ ಅನ್ನೋ ಭಯ ಇತ್ತು. ನಾನಿಲ್ಲದೆ ಈ ಊರು ನಡೆಯಲ್ಲ ಅನ್ನೋ ಅಹಂಕಾರವೂ ಇತ್ತು ಅಂತ ಕಾಣುತ್ತೆ. ಕಾಯಿಲೆ ಹೇಳ್ಕೊಳ್ಳೋಕೆ ನಾಚ್ಕೋಬೇಡಿ ಅಂತ ಇದೇ ಚರ್ಚಿನಲ್ಲಿ ಎಷ್ಟು ಸಲ ಹೇಳಿದ್ದೀನೋ. ನಾನೇ ಕೇಳಲಿಲ್ಲ. ಅದರ ಭಾರಾನ ಪದ್ಮಮ್ಮನ ಮೇಲೆ ಹಾಕಿದೆ. ಅವಳದೇನೂ ತಪ್ಪಿಲ್ಲ. ನನ್ನನ್ನ ಕ್ಷಮಿಸಿ.” ಮೈಕು ವಾಪಸು ಕೊಡುತ್ತ, “ಈಗ ಊಟ ಮಾಡೋಣ,” ಅಂದರು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಬ್ಬೊಬ್ಬರಾಗಿ ಎದ್ದು ನಿಂತರು. ಹಾಗೇ ನಿಂತಿದ್ದು, ಆಮೇಲೆ ಊಟದ ಕಡೆ ನಡೆದರು.

ಮರುದಿನ ಬೆಳಿಗ್ಗೆ ಜಂಬಣ್ಣ ತನ್ನ ಕಾರು ತಂದ. ಫಾದರ್ ಮುಂದೆ ಕೂತರು. ಹಿಂದೆ ಎರಡು ಟ್ರಂಕು, ಪುಸ್ತಕದ ಡಬ್ಬಗಳ ಪಕ್ಕ ಪದ್ಮಮ್ಮ. ಅವಳೇ ಬರುತ್ತೇನೆಂದು ಹಟ ಹಿಡಿದಿದ್ದಳು. ಜಂಬಣ್ಣನಿಗೂ ಬೇಜಾರಿತ್ತು. “ದಿನಾ ಜೊತೇಲಿ ನಡೀತಿದ್ವಿ. ನನಗೂ ಹೇಳ್ಲಿಲ್ಲ ನೀವು,” ಎಂದು ಊರು ದಾಟುವಾಗ ಒಂದು ಸಲ ಅಂದಿದ್ದ. ಪದ್ಮಮ್ಮ ಫಾದರ್ ತಲೆಯ ಹಿಂಭಾಗವನ್ನೇ ನೋಡುತ್ತಿದ್ದಳು. ನಿನ್ನೆಯಿಂದ ಅವರು ಅವಳ ಜೊತೆ ಸರಿಯಾಗಿ ಮಾತಾಡಿರಲಿಲ್ಲ.

ಮಾಚೇನಹಳ್ಳಿಯ ಕಾರ್ಖಾನೆಗಳ ಹತ್ತಿರ ಲಾರಿಗಳ ಸಾಲಿನಲ್ಲಿ ಕಾರು ನಿಂತಾಗ ಅವರು ತಿರುಗದೆಯೇ ಹೇಳಿದರು: “ಪದ್ಮಮ್ಮ, ನಿನ್ನೆ ನನಗೆ ನಿನ್ನ ಮೇಲೆ ಸಿಟ್ಟು ಬಂದಿತ್ತು. ಅಷ್ಟು ಜನರ ಮುಂದೆ ಹಂಗೆ ಕೂಗಿದೆಯಲ್ಲ ಅಂತ.”

“ಈಗ ಫಾದರ್?”

“ಈಗಲೂ ಸ್ವಲ್ಪ ಇದೆ.” ಲಾರಿಗಳು ಸರಿದವು. “ಹೋಗುತ್ತೆ ಬಿಡು. ಎರಡು ದಿನ ಬೇಕು.”

ಅವಳಿಗೆ ಅದನ್ನು ಕೇಳಿಯೇ ಸ್ವಲ್ಪ ಹಗುರಾಯಿತು. ಸಿಟ್ಟಿದೆಯೆಂದು ಬಾಯಿಬಿಟ್ಟು ಹೇಳಿದರಲ್ಲ.

ನಿವೃತ್ತ ಗುರುಗಳ ಮನೆ ಚಿಕ್ಕದು. ಒಂಬತ್ತು ಜನ ವಯಸ್ಸಾದ ಫಾದರ್‌ಗಳು, ನೋಡಿಕೊಳ್ಳುವುದಕ್ಕೆ ಇಬ್ಬರು ಸಿಸ್ಟರ್‌ಗಳು. ನರ್ಸಿಂಗ್ ಕಲಿತವರು ಸಿಸ್ಟರ್ ಸುಷ್ಮಾ. ವಯಸ್ಸು ಮೂವತ್ತೂ ಇರಲಿಕ್ಕಿಲ್ಲ ಎಂದು ಪದ್ಮಮ್ಮನಿಗೆ ಕಂಡಿತು. ಈ ಹುಡುಗಿಗೆ ಏನು ಗೊತ್ತಾಗುತ್ತದೆ? ಫಾದರ್ ‘ತಿಂದೆ’ ಅಂದರೆ ನಂಬಿಬಿಡುತ್ತಾಳೆ.

“ಸಿಸ್ಟರ್, ತಿಂದೆ ಅಂತ ಹೇಳ್ತಾರೆ, ನಂಬಬೇಡಿ. ತಟ್ಟೆ ನೋಡಿ,” ಅಂದಳು. ಫಾದರ್ ಅಲ್ಲೇ ಇದ್ದರು, ಅಲ್ಲಗಳೆಯಲಿಲ್ಲ. “ಬೆವರು ಮೊದಲು ಹಣೆ ಮೇಲೆ ಬರುತ್ತೆ, ಆಮೇಲೆ ಕುತ್ತಿಗೆ. ಸುಮ್ಮಸುಮ್ಮನೆ ನಕ್ಕರೆ ಒಳ್ಳೇದಲ್ಲ. ಸಿಟ್ಟು ಮಾಡಿದ್ರೆ ಬೇಜಾರು ಮಾಡ್ಕೋಬೇಡಿ, ಅವರಲ್ಲ ಅದು. ಲೂರ್ದಮ್ಮ ಅಂತ ಕರೆದ್ರೆ ಏನೂ ಕೇಳೋಕೆ ಹೋಗಬೇಡಿ, ಮೊದಲು ಸಕ್ಕರೆ.”

ಸಿಸ್ಟರ್ ಎಲ್ಲವನ್ನೂ ಬರೆದುಕೊಂಡರು. “ಇನ್ನೇನಾದ್ರೂ ಇದೆಯಾ ಅಮ್ಮ?”

“ಇಲ್ಲ,” ಅಂದು ಫಾದರ್‌ಗೆ ಕೈಮುಗಿದು ಹೊರಟಳು. ಗೇಟಿನವರೆಗೆ ಹೋದವಳು ತಿರುಗಿ ಬಂದಳು. “ಸಿಸ್ಟರ್, ಉಪವಾಸದ ದಿನ ಹುಷಾರು. ಆವಾಗ ಸೂಜಿ ಎಷ್ಟು ಅಂತ ಡಾಕ್ಟರನ್ನ ಕೇಳಿ.” ಸಿಸ್ಟರ್ ತಲೆಯಾಡಿಸಿ ಅದನ್ನೂ ಬರೆದುಕೊಂಡರು. ಜಂಬಣ್ಣ ಕಾರು ಸ್ಟಾರ್ಟ್ ಮಾಡಿದ್ದ. ಅವಳು ಒಂದು ಕಾಲು ಒಳಗಿಟ್ಟು ಮತ್ತೆ ಇಳಿದಳು.

“ಮತ್ತೇನು ಮಾರಾಯ್ತಿ?” ಅಂದ ಜಂಬಣ್ಣ.

“ಒಂದ್ನಿಮಿಷ.”

ಈ ಸಲ ಹೇಳುವುದು ಏನೂ ಇರಲಿಲ್ಲ. ಕೋಣೆಯ ಬಾಗಿಲಲ್ಲಿ ನಿಂತು ನೋಡಿದರೆ ಫಾದರ್ ಕುರ್ಚಿಯಲ್ಲೇ ಕಣ್ಣು ಮುಚ್ಚಿ ಒರಗಿದ್ದರು. ಬಾಯಿ ಸ್ವಲ್ಪ ತೆರೆದಿತ್ತು.

“ಸಿಸ್ಟರ್, ಅದು ನಿದ್ದೇನಾ…”

ಸಿಸ್ಟರ್ ಸುಷ್ಮಾ ಆಗಲೇ ಕುರ್ಚಿಯ ಹತ್ತಿರ ಹೋಗಿದ್ದರು. ಫಾದರ್ ಹಣೆಯ ಮೇಲೆ ಅಂಗೈ ಇಟ್ಟರು, ಆಮೇಲೆ ಕುತ್ತಿಗೆಯ ಹಿಂದೆ. ಕೈಯನ್ನು ಬೆಳಕಿಗೆ ಹಿಡಿದು ನೋಡಿದರು.

“ಒಣಗಿದೆ ಅಮ್ಮ,” ಎಂದು ಪಿಸುದನಿಯಲ್ಲಿ ಹೇಳಿದರು. “ನಿದ್ದೇನೇ.”

ಪದ್ಮಮ್ಮ ಇನ್ನೂ ಸ್ವಲ್ಪ ಹೊತ್ತು ನಿಂತು ಅವರ ಉಸಿರಾಟ ನೋಡಿದಳು. ಆಮೇಲೆ ಸದ್ದಾಗದಂತೆ ಬಾಗಿಲು ಮುಂದೆ ಮಾಡಿ ಕಾರಿನ ಕಡೆ ನಡೆದಳು.